ಕಾಲ್ಕಟ್ಟು

ಹೊಸ ಚಪ್ಪಲಿ ಕಚ್ಚುತ್ತದೆ ಎನ್ನುವ ನಮ್ಮ ಭಾಷೆಯ ಜಾಣ್ಮೆಯನ್ನು ನಾನು ಬಹುದಿನಗಳಿಂದ ಮೆಚ್ಚಿಕೊಂಡು ಬಂದಿದ್ದೇನೆ. ಹಲ್ಲಿಲ್ಲದ ವಸ್ತು ಕಚ್ಚುವುದು ಹೇಗೆ ಎಂದು ಯಾರೂ ಕೇಳುವುದಿಲ್ಲ. ಕಚ್ಚಿಸಿಕೊಂಡವರಿಗಂತೂ ಆ ಪ್ರಶ್ನೆ ಏಳುವುದೇ ಇಲ್ಲ. ಅಂಗಡಿಯ ಜಮಖಾನದ ಮೇಲೆ ನಾಲ್ಕು ಹೆಜ್ಜೆ ಹಾಕಿದಾಗ ಪರಮಸಾಧುವಾಗಿದ್ದ ಪ್ರಾಣಿ, ಮನೆಯಿಂದ ಕಾಲೇಜಿಗೆ ಹೋಗುವಾಗ, ಅದೂ ಅರ್ಧ ದಾರಿಯಲ್ಲಿ, ತನ್ನ ನಿಜಸ್ವಭಾವವನ್ನು ತೋರಿಸುತ್ತದೆ. ಅಲ್ಲಿಂದ ಹಿಂದಿರುಗುವಂತಿಲ್ಲ, ಮುಂದೆ ನಡೆಯುವುದೂ ಕಷ್ಟ. ಆಮೇಲೆ ಹರಳೆಣ್ಣೆಯ ಉಪಚಾರವೇನು, ಹತ್ತಿಯ ಉಪಚಾರವೇನು! ಎರಡು ವಾರ ಕಳೆದರೆ ನೋವು ತಾನಾಗಿ ಅಡಗುತ್ತದೆ. ಚರ್ಮ ಮೆತ್ತಗಾಯಿತೋ, ಕಾಲು ಗಟ್ಟಿಯಾಯಿತೋ ಹೇಳಬರುವುದಿಲ್ಲ. ಎರಡೂ ಪಕ್ಷದವರು ಒಂದಿಷ್ಟು ಬಿಟ್ಟುಕೊಟ್ಟು ರಾಜಿಯಾಗಿರುತ್ತಾರೆ. ಹಾಗೆ ರಾಜಿಯಾದ ಚಪ್ಪಲಿ ಇನ್ನೊಬ್ಬರ ಕಾಲಿಗೆ ಆಗುವುದಿಲ್ಲ. ಮದುವೆಮನೆಯ ಬಾಗಿಲಲ್ಲಿ ಕತ್ತಲಲ್ಲಿ ತಡಕಿ ಬೇರೆಯವರದನ್ನು ಮೆಟ್ಟಿದವನಿಗೆ ಕಣ್ಣಿಗಿಂತ ಮೊದಲು ಹಿಮ್ಮಡಿಯೇ ‘ಇದು ನಿನ್ನದಲ್ಲ’ ಎಂದು ಹೇಳಿಬಿಡುತ್ತದೆ.

ಚಪ್ಪಲಿಯ ವಿಷಯದಲ್ಲಿ ನಾನು ಇಷ್ಟು ದೂರ ಯೋಚಿಸುವಂತೆ ಮಾಡಿದ್ದು ಅಮೆರಿಕಾದ ಮಿನಸೋಟ ರಾಜ್ಯದ ಒಂದು ಸಣ್ಣ ಕೆರೆ. ನನ್ನ ತಂಗಿ ಆ ರಾಜ್ಯದಲ್ಲಿ ಸಂಸಾರ ಹೂಡಿ ಮೂವತ್ತು ವರ್ಷವಾಗುತ್ತ ಬಂತು. ಈ ವರ್ಷದ ಜೂನ್ ತಿಂಗಳನ್ನು ನಾನು ಅವಳ ಮನೆಯಲ್ಲಿ ಕಳೆದೆ. ಅಲ್ಲಿನ ಕಾರುಗಳ ನಂಬರು ಹಲಗೆಯ ಮೇಲೆಯೇ ‘ಹತ್ತು ಸಾವಿರ ಕೆರೆಗಳು’ ಎಂದು ಬರೆದಿರುತ್ತದೆ. ಇಷ್ಟೊಂದು ನೀರಿರುವ ಕಡೆ ಜನ ದಡದಲ್ಲಿ ಸುಮ್ಮನೆ ಕೂತಿರುತ್ತಾರೆಯೆ? ಚಳಿಗಾಲದಲ್ಲಿ ಕೆರೆಗಳು ಹೆಪ್ಪುಗಟ್ಟಿದಾಗ ಅವುಗಳ ಮೇಲೆ ನಡೆಯುತ್ತಾರೆ. ಕರಗಿದ ಮೇಲೂ ನಡೆಯುವ ಆಸೆ ಬಿಡದೆ, ಕಾಲಿಗೆ ಹಲಗೆ ಕಟ್ಟಿಕೊಂಡು, ಓಡುವ ದೋಣಿಗೆ ಹಗ್ಗ ಬಿಗಿದು, ಅದನ್ನು ಹಿಡಿದು ನೀರಿನ ಮೇಲೆ ಜಾರುತ್ತಾರೆ. ಇದಕ್ಕೆ ವಾಟರ್ ಸ್ಕೀ ಎಂದು ಹೆಸರು.

ಈ ಆಟ ಹುಟ್ಟಿದ್ದೂ ಅದೇ ರಾಜ್ಯದಲ್ಲಿ. ಮಿಸಿಸಿಪಿ ನದಿ ಒಂದು ಕಡೆ ಅಗಲವಾಗಿ ಹರಡಿಕೊಂಡು ಪೆಪಿನ್ ಸರೋವರವಾಗಿದೆ. ಅದರ ದಡದ ಲೇಕ್ ಸಿಟಿ ಎಂಬ ಊರಿನಲ್ಲಿ ರಾಲ್ಫ್ ಸ್ಯಾಮುಯಲ್‌ಸನ್ ಎಂಬ ಹುಡುಗನಿದ್ದ. ಮಂಜಿನ ಮೇಲೆ ಜಾರಬಹುದಾದರೆ ನೀರಿನ ಮೇಲೆ ಏಕಾಗದು ಎಂಬುದು ಅವನ ತರ್ಕ. 1922ರ ಜೂನ್ ಕೊನೆಯಲ್ಲಿ ಮೊದಲು ಪೀಪಾಯಿಯ ಹಲಗೆಗಳನ್ನು ಕಾಲಿಗೆ ಕಟ್ಟಿ ನೋಡಿದ, ಮುಳುಗಿದ. ಮಂಜಿನ ಸ್ಕೀಗಳನ್ನೇ ಕಟ್ಟಿ ನೋಡಿದ, ಮತ್ತೆ ಮುಳುಗಿದ. ಕೊನೆಗೆ ಎಂಟಡಿ ಉದ್ದ, ಒಂಬತ್ತಂಗುಲ ಅಗಲದ ಪೈನ್ ಮರದ ಎರಡು ಹಲಗೆ ತಂದು, ತಾಯಿ ಬಟ್ಟೆ ಕುದಿಸುವ ಹಂಡೆಯಲ್ಲಿ ಅವುಗಳ ತುದಿ ಬೇಯಿಸಿ ಬಾಗಿಸಿದ. ನಡುವೆ ಪಾದ ತೂರಿಸಲು ಒಂದೊಂದು ತೊಗಲಿನ ಪಟ್ಟಿ ಹೊಡೆದ. ಅಣ್ಣ ದೋಣಿ ನಡೆಸಿದ. ಮತ್ತೂ ಹಲವು ಸಲ ಬಿದ್ದ ಮೇಲೆ ಹಲಗೆಯ ಮೂತಿಯನ್ನು ನೀರಿನಿಂದ ಮೇಲಕ್ಕೆತ್ತಿ, ಮೈಯನ್ನು ಹಿಂದಕ್ಕೆ ವಾಲಿಸಬೇಕೆಂಬ ಗುಟ್ಟು ಹೊಳೆಯಿತು. ಜುಲೈ 2ರಂದು ಅವನು ನೀರಿನ ಮೇಲೆ ನಿಂತ. ಮಾರನೆಯ ದಿನ ಅವನಿಗೆ ಹತ್ತೊಂಬತ್ತು ತುಂಬಿತು.

ಆ ತೊಗಲಿನ ಪಟ್ಟಿಯ ವಂಶದಲ್ಲಿ ಹುಟ್ಟಿದ್ದೇ ಇಂದಿನ ಬೈಂಡಿಂಗ್. ನಾನು ಕನ್ನಡ ಪಾಠ ಹೇಳುವವನಾದ್ದರಿಂದ ಅದನ್ನು ಕಾಲ್ಕಟ್ಟು ಎಂದು ಕರೆದುಕೊಂಡಿದ್ದೇನೆ, ಓದುಗರು ಒಪ್ಪಿಸಿಕೊಳ್ಳಬೇಕು.

ಎರಡು ಹಲಗೆಯ ಆಟ ಸಾಲದೆ ಜನ ಒಂದೇ ಹಲಗೆಯ ಮೇಲೆ, ಒಂದು ಕಾಲಿನ ಹಿಂದೆ ಇನ್ನೊಂದು ಕಾಲಿಟ್ಟು ನಿಲ್ಲುವುದನ್ನು ಕಲಿತರು. ಆ ಹಲಗೆಯ ಮೇಲೆ ಅಂಕುಡೊಂಕಾಗಿ ಓಡುವುದು ಸ್ಲಾಲಮ್. 259 ಮೀಟರ್ ಉದ್ದದ ನೀರಿನ ಹಾದಿ. ನಡುವೆ ನೇರವಾಗಿ ಓಡುವ ದೋಣಿ. ಬಲಕ್ಕೆ ಮೂರು, ಎಡಕ್ಕೆ ಮೂರು ತೇಲುವ ಚೆಂಡುಗಳು. ಪ್ರತಿಯೊಂದು ಚೆಂಡೂ ಹಾದಿಯ ನಡುಗೆರೆಯಿಂದ ಹನ್ನೊಂದೂವರೆ ಮೀಟರ್ ದೂರ. ಆರನ್ನೂ ಹೊರಗಿನಿಂದ ಸುತ್ತಿ ಬಂದರೆ ದೋಣಿಯ ವೇಗ ಹೆಚ್ಚಿಸುತ್ತಾರೆ. ದೊಡ್ಡ ಸ್ಪರ್ಧೆಗಳಲ್ಲಿ ಅದರ ಮಿತಿ ಗಂಡಸರಿಗೆ ಗಂಟೆಗೆ 58 ಕಿಲೋಮೀಟರ್, ಹೆಂಗಸರಿಗೆ 55. ಮಿತಿ ಮುಟ್ಟಿದ ಮೇಲೆ ಹಗ್ಗವನ್ನು ಮೊಟಕು ಮಾಡುತ್ತ ಹೋಗುತ್ತಾರೆ: 18.25 ಮೀಟರ್, 16, 14.25, 13, 12, 11.25, ಹೀಗೆ. ಕೊನೆಯ ಅಂಕಿಯನ್ನು ಓದುಗರು ಇನ್ನೊಮ್ಮೆ ನೋಡಬೇಕು. ಚೆಂಡು ಹನ್ನೊಂದೂವರೆ ಮೀಟರ್ ದೂರದಲ್ಲಿದೆ, ಹಗ್ಗವಿರುವುದು ಹನ್ನೊಂದೂಕಾಲು. ಹಗ್ಗ ಮುಟ್ಟದ ಕಡೆಗೆ ಆಟಗಾರ ತನ್ನ ಮೈಯನ್ನೇ ಚಾಚಬೇಕು. 2013ರಲ್ಲಿ ಅಮೆರಿಕಾದ ನೇಟ್ ಸ್ಮಿತ್ 9.75 ಮೀಟರಿನ ಹಗ್ಗ ಹಿಡಿದು ಎರಡೂವರೆ ಚೆಂಡುಗಳ ಲೆಕ್ಕ ಪಡೆದ. ಅಲ್ಲಿ ಕೊರತೆ ಬಿದ್ದ ಮಾರುದ್ದವನ್ನು ತುಂಬಿದ್ದು ಒಬ್ಬ ಮನುಷ್ಯನ ತೋಳು, ಸೊಂಟ ಮತ್ತು ಕಣಕಾಲು.

ಕಣಕಾಲಿನ ಮಾತು ಬಂದದ್ದರಿಂದ ನನ್ನ ಸೋದರಸೊಸೆಯ ಮಾತಿಗೂ ಬರಬೇಕು. ತಂಗಿಯ ಮಗಳು, ಇಪ್ಪತ್ತೇಳು ವಯಸ್ಸು, ಎಂಜಿನಿಯರು. ಕಾಲೇಜಿನ ದಿನಗಳಿಂದ ಅವಳಿಗೆ ಈ ಹುಚ್ಚು. ಒಂದೇ ಹಲಗೆಯನ್ನು ಒಂಬತ್ತು ಬೇಸಗೆ ಸವೆಸಿದ್ದಳು. ಅದರಲ್ಲಿ ಎರಡು ಕಾಲಿಗೆ ಎರಡು ಬೇರೆ ಬೇರೆ ರಬ್ಬರಿನ ಕಟ್ಟುಗಳಿದ್ದವು. ಎರಡು ವರ್ಷದ ಹಿಂದೆ ಒಂದು ಸಂಜೆ ತಿರುವಿನಲ್ಲಿ ಬಿದ್ದಾಗ ಹಿಂದಿನ ಕಾಲು ಕಟ್ಟಿನಿಂದ ಕಳಚಿಕೊಂಡಿತು, ಮುಂದಿನ ಕಾಲು ಕಳಚಲಿಲ್ಲ. ಐದೂವರೆ ಅಡಿಯ ಹಲಗೆ ಆ ಒಂದು ಕಾಲನ್ನು ಹಿಡಿದುಕೊಂಡೇ ನೀರಿನಲ್ಲಿ ತಿರುಚಿತು. ಕಣಕಾಲಿನ ಮೂಳೆ ಮುರಿಯಿತು. ಅದರಲ್ಲಿ ಈಗಲೂ ಒಂದು ಲೋಹದ ಪಟ್ಟಿ, ಆರು ತಿರುಪು ಇವೆ.

ಅಂದಿನಿಂದ ತಂಗಿ ಕೆರೆಯ ಕಡೆಗೆ ಹೋಗಿಲ್ಲ. ನಾನು ಹೋದ ವಾರವೇ ಮನೆಗೆ ಉದ್ದನೆಯದೊಂದು ಪೆಟ್ಟಿಗೆ ಬಂತು: ಹೊಸ ಹಲಗೆ, ಹೊಸ ಕಾಲ್ಕಟ್ಟು. ತಂಗಿ ಅದನ್ನು ನೋಡಿದಳು, ಏನೂ ಹೇಳಲಿಲ್ಲ. ರಾತ್ರಿ ಅಡಿಗೆಮನೆಯಲ್ಲಿ ಹಾಲಿಗೆ ಹೆಪ್ಪು ಹಾಕುತ್ತ, “ಅಣ್ಣ, ನನ್ನ ಮಾತು ಅವಳಿಗೆ ನಾಟುವುದಿಲ್ಲ. ನೀನಾದರೂ ಹೇಳಿ ನೋಡು” ಎಂದಳು. “ಏನೆಂದು ಹೇಳಲಿ?” ಎಂದೆ. “ಬೇಡ ಅಂತ” ಎಂದಳು. ಸ್ವಲ್ಪ ಹೊತ್ತು ಬಿಟ್ಟು, “ಅಥವಾ ಹೋಗಿ ನೋಡಿಕೊಂಡಾದರೂ ಬಾ” ಎಂದಳು.

ಎರಡನೆಯದನ್ನು ನಾನು ಒಪ್ಪಿಕೊಂಡೆ. ಸ್ಕೀ ಎಳೆಯುವ ದೋಣಿಯಲ್ಲಿ ಚಾಲಕನಲ್ಲದೆ ಹಿಂದಕ್ಕೆ ನೋಡುತ್ತ ಕೂರುವ ಇನ್ನೊಬ್ಬನಿರಬೇಕು, ಇಲ್ಲವೆ ಅಗಲವಾದ ಕನ್ನಡಿಯಾದರೂ ಇರಬೇಕು ಎಂದು ಆ ರಾಜ್ಯದಲ್ಲಿ ಕಾನೂನಿದೆ. ಕನ್ನಡಿಯ ಬದಲು ನಾನು ಕುಳಿತೆ. ಹೆಬ್ಬೆರಳು ಮೇಲಕ್ಕೆತ್ತಿದರೆ ವೇಗ ಹೆಚ್ಚಲಿ, ಕೆಳಕ್ಕೆ ತೋರಿಸಿದರೆ ಕಡಿಮೆಯಾಗಲಿ, ಕುತ್ತಿಗೆಗೆ ಅಡ್ಡವಾಗಿ ಕೈ ಆಡಿಸಿದರೆ ನಿಲ್ಲಿಸಿ. ಬಿದ್ದವರು ನೀರಿನಿಂದ ಕೈಯೆತ್ತಿದರೆ ‘ಏನೂ ಆಗಿಲ್ಲ’ ಎಂದರ್ಥ. ಇಷ್ಟು ನನಗೆ ಪಾಠವಾಯಿತು. ಕೊನೆಯ ಗುರುತನ್ನು ಅವಳು ಎರಡು ಸಲ ಹೇಳಿಕೊಟ್ಟಳು.

ಹೊಸ ಹಲಗೆಯನ್ನು ನೀರಿಗಿಳಿಸುವ ಮುಂಚೆ ಗ್ಯಾರೇಜಿನಲ್ಲಿ ನಡೆದ ಸಂಸ್ಕಾರಗಳನ್ನು ಕಂಡು ನನಗೆ ಅಚ್ಚರಿಯೂ ಆಯಿತು, ಆತ್ಮೀಯತೆಯೂ ಹುಟ್ಟಿತು. ಹಲಗೆಯ ಬಾಲದ ಕೆಳಗೆ ಮೀನಿನ ರೆಕ್ಕೆಯಂಥ ಒಂದು ಲೋಹದ ತಗಡು ಇರುತ್ತದೆ. ಎರಡೂವರೆ ಅಂಗುಲದಷ್ಟು ಆಳ, ಏಳಂಗುಲಕ್ಕೆ ತುಸು ಕಡಿಮೆ ಉದ್ದ. ಅದನ್ನು ಹಿಂದೆ, ಮುಂದೆ, ಮೇಲೆ, ಕೆಳಗೆ ಸರಿಸಬಹುದು. ಸರಿಸುವ ಲೆಕ್ಕ ಅಂಗುಲದ ಸಾವಿರದಲ್ಲೊಂದು ಭಾಗದಲ್ಲಿ! ತಲೆಗೂದಲಿನ ದಪ್ಪವೇ ಅಂಥ ಮೂರು ಭಾಗದಷ್ಟು ಇರುತ್ತದಂತೆ. ಅವಳು ಕ್ಯಾಲಿಪರ್ ಹಿಡಿದು ಅಳೆದಳು. ಕಾರ್ಖಾನೆ ಹೇಳಿದ ಅಂಕಿಗಳನ್ನೂ ತಾನು ಅಳೆದ ಅಂಕಿಗಳನ್ನೂ ಒಂದು ನೋಟುಪುಸ್ತಕದಲ್ಲಿ ಎದುರುಬದುರಾಗಿ ಬರೆದುಕೊಂಡಳು. ಆಮೇಲೆ ಬಾಲದ ತುದಿಯಿಂದ ಕಾಲ್ಕಟ್ಟಿನ ಹಿಮ್ಮಡಿಯವರೆಗಿನ ದೂರ. ಕಟ್ಟನ್ನು ಕಾಲಂಗುಲ ಮುಂದಕ್ಕೆ ಒಯ್ದರೆ ಹಲಗೆಯ ಮೂತಿ ಹೆಚ್ಚು ನೀರು ಹಿಡಿದು ಚುರುಕಾಗಿ ತಿರುಗುತ್ತದೆ. ಮುಂದೆ ಒಯ್ದದ್ದು ಹೆಚ್ಚಾದರೆ ಅದೇ ಮೂತಿ ಗಕ್ಕನೆ ನಿಂತು ಸವಾರನನ್ನು ಎದುರಿಗೆ ಎಸೆಯುತ್ತದೆ. ಹಿಂದಕ್ಕೆ ತಂದರೆ ಮೂತಿ ಮೇಲೆದ್ದು, ಹಲಗೆ ತಿರುವನ್ನು ಮುಗಿಸದೆ ಸೋಮಾರಿಯಂತೆ ಸಾಗುತ್ತದೆ.

“ಎಲ್ಲವನ್ನೂ ಒಟ್ಟಿಗೆ ಸರಿಪಡಿಸಿಬಿಡಬಾರದೆ?” ಎಂದು ಕೇಳಿದೆ.

“ಇಲ್ಲ ಮಾಮ. ಒಂದು ಸಲಕ್ಕೆ ಒಂದೇ ಬದಲಾವಣೆ. ಎರಡು ಮಾಡಿದರೆ ಯಾವುದರಿಂದ ಏನಾಯಿತು ಅಂತ ಗೊತ್ತಾಗಲ್ಲ. ಅದಕ್ಕೂ ಮೊದಲು ಏನನ್ನೂ ಮುಟ್ಟದೆ ಹತ್ತು ಸಲವಾದರೂ ಓಡಿಸಬೇಕು. ಎಷ್ಟೋ ಸಲ ಹಲಗೆ ಸರಿಯಾಗೇ ಇರುತ್ತೆ, ನಾವೇ ಹಳೇದರ ಮೇಲೆ ನಿಂತಂತೆ ನಿಂತಿರ್ತೀವಿ.”

ನಮ್ಮ ಗ್ರಂಥಸಂಪಾದಕರು ಪಾಳಿಸುವ ನಿಯಮವೂ ಇದೇ. ಓಲೆಗರಿಯಲ್ಲಿರುವ ಪಾಠವನ್ನು ಅವಸರದಿಂದ ತಿದ್ದಬಾರದು. ತಿದ್ದಿದರೆ ಹಳೆಯ ಪಾಠವನ್ನು ಅಡಿಯಲ್ಲಿ ಕೊಡಬೇಕು. ಅರ್ಥವಾಗದಿದ್ದುದು ಓದುವವನ ಕೊರತೆಯೂ ಆಗಿರಬಹುದು. ತಿದ್ದಿದ ಅಂಕಿಯ ಪಕ್ಕದಲ್ಲಿ ಹಳೆಯ ಅಂಕಿಗೆ ಜಾಗ ಬಿಟ್ಟಿದ್ದ ಅವಳ ನೋಟುಪುಸ್ತಕ, ಪಾಠಾಂತರ ಸಹಿತವಾದ ಒಂದು ಪರಿಷ್ಕರಣದಂತೆಯೇ ಕಾಣಿಸಿತು.

ಕಾಲ್ಕಟ್ಟಿನ ವಿಷಯ ಇಷ್ಟು ಸುಲಭವಾಗಿರಲಿಲ್ಲ. ಹೊಸದರಲ್ಲಿ ಎರಡು ಬೂಟುಗಳೂ ಒಂದೇ ತೆಳು ತಗಡಿನ ಮೇಲೆ ಕೂತಿದ್ದವು. ತಗಡಿನ ಅಡಿಗೂ ಹಲಗೆಯ ಮೈಗೂ ಅಣಬೆಯ ತಲೆಯಂಥ ಸಾವಿರಾರು ಪುಟ್ಟ ಗುಬಟುಗಳ ಪ್ಲಾಸ್ಟಿಕ್ ಪಟ್ಟಿ ಅಂಟಿಸಿರುತ್ತಾರೆ. ಒತ್ತಿದರೆ ಒಂದರ ಸಂದಿಗೆ ಒಂದು ಸೇರಿ ಕಚ್ಚಿಕೊಳ್ಳುತ್ತವೆ. ಜೋರಾಗಿ ಎಳೆತ ಬಿದ್ದಾಗ ಚರಚರನೆ ಬಿಟ್ಟುಕೊಂಡು ತಗಡು ಎರಡು ಕಾಲುಗಳನ್ನೂ ಹೊತ್ತುಕೊಂಡೇ ಹಲಗೆಯಿಂದ ಬೇರೆಯಾಗುತ್ತದೆ. ಪಟ್ಟಿ ಎಷ್ಟು ಉದ್ದವಿರಬೇಕೆಂಬುದನ್ನು ಅವರವರ ತೂಕ ನೋಡಿ ಅವರವರೇ ಗೊತ್ತುಮಾಡಿಕೊಳ್ಳಬೇಕು. ಕಡಿಮೆಯಾದರೆ ತಿರುವಿನ ನಡುವೆ, ಬೀಳುವ ಕಾರಣವೇ ಇಲ್ಲದಾಗ, ಬಿಟ್ಟುಬಿಡುತ್ತದೆ. ಹೆಚ್ಚಾದರೆ ಬಿದ್ದಾಗಲೂ ಬಿಡುವುದಿಲ್ಲ.

“ಅಮ್ಮ ಅಂದ್ಕೊಂಡಿರೋದು, ಕಟ್ಟು ಸಡಿಲವಾಗಿದ್ದಕ್ಕೆ ನಾನು ಬಿದ್ದೆ, ಬಿಗಿಯಾಗಿದ್ದಕ್ಕೆ ಮುರೀತು ಅಂತ. ಎರಡೂ ಅಲ್ಲ ಮಾಮ. ಅದು ಒಂದು ಕಾಲು ಬಿಡ್ತು, ಇನ್ನೊಂದು ಬಿಡಲಿಲ್ಲ. ಬಿಟ್ಟರೆ ಎರಡನ್ನೂ ಬಿಡಬೇಕು, ಹಿಡಿದರೆ ಎರಡನ್ನೂ ಹಿಡೀಬೇಕು. ಅರ್ಧ ಬಿಡೋದೇ ಅಪಾಯ” ಎಂದಳು ಹುಡುಗಿ.

ನನಗೆ ವಾಮನನ ನೆನಪು ಬಂತು. ಎಂಟನೆಯ ಶತಮಾನದ ಸುಮಾರಿನಲ್ಲಿದ್ದ ಆ ಆಲಂಕಾರಿಕ ಪದ್ಯದ ಬಂಧ ಬಿಗಿಯಾಗಿರುವುದನ್ನು ಓಜಸ್ಸೆಂದು ಕರೆದು ಗುಣಗಳಲ್ಲಿ ಸೇರಿಸಿದ. ಬಂಧ ಸಡಿಲವಾಗಿರುವುದನ್ನು ಪ್ರಸಾದವೆಂದು ಕರೆದು ಅದನ್ನೂ ಗುಣಗಳಲ್ಲೇ ಸೇರಿಸಿದ. ಬಿಗಿಯೂ ಗುಣ, ಸಡಿಲವೂ ಗುಣ ಎಂದರೆ ವಿರೋಧವಲ್ಲವೇ ಎಂದು ವಿದ್ಯಾರ್ಥಿಗಳು ವರ್ಷವರ್ಷವೂ ಕೇಳುತ್ತಾರೆ. ಎರಡೂ ಹದವಾಗಿ ಬೆರೆತಿರಬೇಕು ಎಂಬ ಅವನ ಸಮಾಧಾನವನ್ನು ನಾನೂ ವರ್ಷವರ್ಷವೂ ಒಪ್ಪಿಸುತ್ತೇನೆ. ಮುಂದಿನ ವರ್ಷ ಈ ಕಾಲ್ಕಟ್ಟನ್ನು ಉದಾಹರಣೆಗೆ ಕೊಡಬೇಕೆಂದಿದ್ದೇನೆ.

ಇಂಥ ಬೂಟಿನೊಳಗೆ ಒಣಗಾಲು ಹೋಗುವುದಿಲ್ಲ. ಜಾರುವುದಕ್ಕೆ ಸೋಪು ಬೇಕು, ಅದೂ ಪಾತ್ರೆ ತೊಳೆಯುವ ನೀರುಸೋಪು. ತಂಗಿಯ ಅಡಿಗೆಮನೆಯ ಸೋಪಿನ ಸೀಸೆ ಶನಿವಾರ ಶನಿವಾರವೂ ಮಾಯವಾಗುತ್ತಿತ್ತು, ಅವಳು ಅದನ್ನು ಹುಡುಕಿ ಗೊಣಗುತ್ತಿದ್ದಳು. ಹಳೆಯ ರಬ್ಬರ್ ಕಟ್ಟು ಒಂಬತ್ತು ವರ್ಷದಲ್ಲಿ ಸಡಿಲಗೊಂಡು ಇಷ್ಟೊಂದು ಸೋಪು ಕೇಳುತ್ತಿರಲಿಲ್ಲವೆಂದು ಕಾಣುತ್ತದೆ.

ಮೊದಲನೆಯ ಶನಿವಾರ ಚೆಂಡುಗಳಿಲ್ಲದ ಬರಿಯ ನೀರು, ನಿಧಾನವಾದ ದೋಣಿ, ಉದ್ದನೆಯ ಹಗ್ಗ. ದಡದ ಹುಲ್ಲಿನ ಮೇಲೆ ಹಲಗೆಯನ್ನಿಟ್ಟು, ಅದರ ಬಾಲದ ಮೇಲೆ ನನ್ನನ್ನು ನಿಲ್ಲಿಸಿ, ಅವಳು ಕಾಲ್ಕಟ್ಟಿನಲ್ಲಿ ನಿಂತು ಮುಂದಕ್ಕೆ ವಾಲಿದಳು. ಹಿಮ್ಮಡಿಯ ಕಡೆಯಿಂದ ತಗಡು ಚರಚರ ಎಂದು ಎದ್ದುಬಂತು. ಸಾಕಾದಷ್ಟು ಸುಲಭವಾಗಿಯೇ ಬಂತು. ಅವಳು ಪಟ್ಟಿಯನ್ನು ಕಡಿಮೆ ಹಾಕಿದ್ದಳೆಂಬುದು ನೀರಿಗಿಳಿದ ಮೇಲೆ ತಿಳಿಯಿತು. ಮೂರನೆಯ ಓಟದಲ್ಲಿ ದೋಣಿಯ ಅಲೆ ದಾಟುವಾಗ ಹಲಗೆ ತಾನಾಗಿ ಬಿಟ್ಟುಹೋಗಿ ಅವಳು ಮುಗ್ಗರಿಸಿದಳು. ಪೆಟ್ಟಾಗಲಿಲ್ಲ. ಆದರೆ ಆಮೇಲಿನ ಓಟಗಳಲ್ಲಿ ಅವಳ ಮೈಯೆಲ್ಲ ಕಾಲ ಕೆಳಗನ್ನೇ ಆಲಿಸುತ್ತಿತ್ತು. ಕಣ್ಣು ಮಾತ್ರ ಮುಂದಿತ್ತು. ಎಲ್ಲಿ ಬಿಟ್ಟುಹೋದೀತೋ ಎಂದು ಹೆದರಿಕೊಂಡು ನಿಂತವರು ವಾಲಲಾರರು, ವಾಲದವರು ತಿರುಗಲಾರರು.

ಎರಡನೆಯ ಶನಿವಾರ ಒಂದು ತುಂಡು ಪಟ್ಟಿ ಹೆಚ್ಚಾಯಿತು. ನೋಟುಪುಸ್ತಕದಲ್ಲಿ ಒಂದು ಸಾಲು ಹೆಚ್ಚಾಯಿತು. ಹಲಗೆ ಕಾಲನ್ನು ಬಿಡಲಿಲ್ಲ; ಆದರೆ ಹಳೆಯ ಹಲಗೆಯ ನೆನಪು ಅವಳ ಮೈಯನ್ನು ಬಿಡಲಿಲ್ಲ. ಹಳೆಯದು ತಿರುಗಬೇಕಾದರೆ ಹಿಂದಿನ ಕಾಲಿನಿಂದ ಒದ್ದು ನೂಕಬೇಕಿತ್ತಂತೆ. ಹೊಸದು ಬರಿಯ ಸೊಂಟದ ಇಂಗಿತಕ್ಕೆ ತಿರುಗುತ್ತದೆ. ಕೇಳುವ ಮೊದಲೇ ತಿರುಗುವ ಈ ವಿನಯವಂತನನ್ನು ಅವಳು ಅಭ್ಯಾಸಬಲದಿಂದ ಮತ್ತೂ ನೂಕುತ್ತಿದ್ದಳು, ಹಲಗೆ ಮಿತಿಮೀರಿ ತಿರುಗುತ್ತಿತ್ತು, ಹಗ್ಗ ಸಡಿಲವಾಗಿ ಆಮೇಲೆ ತೋಳು ಕಳಚುವಂತೆ ಜಗ್ಗುತ್ತಿತ್ತು. ಒಂಬತ್ತು ವರ್ಷ ಕಲಿತದ್ದನ್ನು ಮರೆಯಲು ಒಂದು ವಾರ ಸಾಲದು. ದೋಣಿ ನಡೆಸುತ್ತಿದ್ದವರು, ಅವಳ ನೆರೆಯ ಒಬ್ಬ ನಿವೃತ್ತ ಮೇಷ್ಟರು. ಅವರು ಏನನ್ನೂ ಹೇಳದೆ ಪ್ರತಿ ಸಲವೂ ದೋಣಿಯನ್ನು ತಿರುಗಿಸಿ ಅದೇ ವೇಗದಲ್ಲಿ ಅದೇ ಗೆರೆಯ ಮೇಲೆ ತಂದು ನಿಲ್ಲಿಸುತ್ತಿದ್ದರು. ಒಳ್ಳೆಯ ಮೇಷ್ಟರ ಲಕ್ಷಣ ಅದು.

ಮೂರನೆಯ ಶನಿವಾರ ಅವಳು ಚೆಂಡುಗಳ ಹಾದಿಗೆ ಬಂದಳು. ಒಂದು, ಎರಡು, ಮೂರು. ನೋಡುವವನಿಗೂ ಗೊತ್ತಾಗುವಂತೆ ಮೈ ಹಗುರಾಗಿತ್ತು, ಒದೆಯುವುದು ನಿಂತಿತ್ತು. ನಾಲ್ಕನೆಯ ಚೆಂಡಿಗೆ ಹೋಗುವಾಗ ಹಲಗೆಯ ಮೂತಿ ಎಲ್ಲಿಯೋ ನೀರು ಕಚ್ಚಿತು. ಅವಳು ಮುಂದಕ್ಕೆ ಎಸೆಯಲ್ಪಟ್ಟದ್ದನ್ನು ಕಂಡೆ. ಒಂದು ಬಿಳಿಯ ನೊರೆಯ ಗೋಡೆ ಎದ್ದದ್ದನ್ನು ಕಂಡೆ. ಚಾಲಕರಿಗೆ ‘ಬಿದ್ದಳು’ ಎಂದು ಕೂಗಿದೆ. ಕನ್ನಡದಲ್ಲಿ ಕೂಗಿದೆನೆಂದು ಕಾಣುತ್ತದೆ, ಅವರಿಗೆ ಅರ್ಥವಾಯಿತು. ಹಲಗೆ ಒಂದು ಕಡೆ ಒಂಟಿಯಾಗಿ ತೇಲುತ್ತಿತ್ತು. ಅವಳು ಕಾಣಿಸಲಿಲ್ಲ. ಎಷ್ಟು ಹೊತ್ತು? ಒಂದು ಉಸಿರಿನಷ್ಟು ಇರಬೇಕು. ಆ ಉಸಿರನ್ನು ನಾನು ಎಳೆದುಕೊಳ್ಳಲಿಲ್ಲ. ಎರಡು ವರ್ಷದಿಂದ ನನ್ನ ತಂಗಿ ಎಂಥ ಹೊತ್ತಿನಲ್ಲಿ ಬದುಕುತ್ತಿದ್ದಳೆಂಬುದು ನನಗೆ ಆಗ ತಿಳಿಯಿತು.

ಆಮೇಲೆ ನೀರಿನಿಂದ ಒಂದು ಕೈ ಎದ್ದಿತು.

ದೋಣಿ ಹತ್ತಿರ ಹೋದಾಗ ಅವಳು ನಗುತ್ತಿದ್ದಳು. ಎರಡು ಕಾಲುಗಳನ್ನೂ ನೀರಿನಿಂದ ಮೇಲಕ್ಕೆತ್ತಿ ತೋರಿಸಿದಳು. ಎರಡು ಬೂಟು, ಒಂದು ತಗಡು, ಜೋಡಿಯಾಗಿ, ಮಗುವಿನ ಕಾಲುಗಳಂತೆ. ಹಲಗೆಯನ್ನು ತರಿಸಿಕೊಂಡು, ನೀರಿನಲ್ಲಿಯೇ ತಗಡನ್ನು ಅದರ ಮೇಲೆ ಒತ್ತಿ ಕೂರಿಸಿಕೊಂಡು, ಮತ್ತೆ ಹಗ್ಗಕ್ಕೆ ಕೈ ಚಾಚಿದಳು. ಅದರ ನಂತರದ ಎರಡು ಓಟಗಳೇ ಆ ತಿಂಗಳಿನ ಅತ್ಯುತ್ತಮ ಓಟಗಳು. ಎರಡರಲ್ಲಿಯೂ ಆರಕ್ಕೆ ಆರು ಚೆಂಡು ಬಂದವು. ಹಲಗೆಯಲ್ಲಾಗಲಿ ರೆಕ್ಕೆಯಲ್ಲಾಗಲಿ ಯಾವ ಬದಲಾವಣೆಯನ್ನೂ ಅವಳು ಮಾಡಿರಲಿಲ್ಲ. ಆಗಿದ್ದದ್ದು ಇಷ್ಟೆ: ಬಿಡಬೇಕಾದಾಗ ಬಿಡುತ್ತದೆ ಎಂದು ಕಾಲಿಗೆ ಗೊತ್ತಾಗಿತ್ತು. ಬಿಡದೆ ಇರುವ ಕಟ್ಟನ್ನು ಯಾರೂ ನೆಚ್ಚಿ ವಾಲಲಾರರು. ಬಿಡುವುದೆಂಬ ಭರವಸೆಯಿಂದಲೇ ಹಿಡಿತಕ್ಕೆ ಬೆಲೆ.

ಮನೆಗೆ ಬಂದಾಗ ತಂಗಿ ಹಿತ್ತಲಿನ ಮೆಟ್ಟಿಲ ಮೇಲೆ ಕೊತ್ತಂಬರಿ ಬಿಡಿಸುತ್ತ ಕೂತಿದ್ದಳು. ಮಗಳು ಒಳಗೆ ಸ್ನಾನಕ್ಕೆ ಹೋದಳು. ನಾನು ಪಕ್ಕದಲ್ಲಿ ಕೂತೆ. ಕೈ ನಿಲ್ಲಿಸದೆ ಕೇಳಿದಳು:

“ಬಿದ್ದಳಾ?”

“ಬಿದ್ದಳು.”

ಎರಡು ಕಡ್ಡಿ ಬಿಡಿಸುವಷ್ಟು ಹೊತ್ತಾಯಿತು.

“ಬಿಡ್ತಾ?”

“ಎರಡೂ ಒಟ್ಟಿಗೇ ಬಿಡ್ತು.”

ಕೇಳಬೇಕಾದ ಪ್ರಶ್ನೆ ಇದೊಂದೇ ಎಂಬುದು ಅವಳಿಗೆ ನಮ್ಮೆಲ್ಲರಿಗಿಂತ ಮೊದಲೇ ತಿಳಿದಿತ್ತು. ‘ಬೇಡ’ ಎಂದು ಹೇಳಿದೆಯಾ ಎಂದು ಅವಳು ನನ್ನನ್ನು ಕೇಳಲಿಲ್ಲ. ನಾನೂ ಆ ಸುದ್ದಿ ಎತ್ತಲಿಲ್ಲ. ಮಗಳನ್ನು ‘ಹೋಗು’ ಎಂದು ಅವಳು ಬಾಯಿಬಿಟ್ಟು ಹೇಳಿದ್ದನ್ನು ನಾನು ಕೊನೆಯವರೆಗೂ ಕೇಳಲಿಲ್ಲ. ನಾಲ್ಕನೆಯ ಶನಿವಾರ ಬೆಳಿಗ್ಗೆ ಕಾರಿನಲ್ಲಿಡಲು ಹುಡುಗಿಯ ಚೀಲವನ್ನೆತ್ತಿದಾಗ ಅದು ಎಂದಿಗಿಂತ ಭಾರವಾಗಿತ್ತು. ಮೇಲುಗಡೆಯೇ ಪಾತ್ರೆ ತೊಳೆಯುವ ಸೋಪಿನ ಹೊಸ ಸೀಸೆಯೊಂದಿತ್ತು, ಮುಚ್ಚಳದ ಮೇಲಿನ ಅಂಗಡಿಯ ಪಟ್ಟಿ ಇನ್ನೂ ಹರಿದಿರಲಿಲ್ಲ. ಅಡಿಗೆಮನೆಯ ಸೀಸೆ ತನ್ನ ಜಾಗದಲ್ಲಿಯೇ ಇತ್ತು.